ಒಂದು ಸಂಖ್ಯೆಯಲ್ಲಿ ಇಡೀ ಸಿನಿಮಾ ಅಡಗೀತೇ?

ಪ್ರೋಗ್ರಾಮಿಂಗ್ ಕಲಿಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ರ್ಯಾಂಡಮ್ ಸಂಖ್ಯೆಗಳನ್ನು ಹುಟ್ಟಿಸುವ ಪುಟ್ಟ ಪ್ರೋಗ್ರಾಂ ಎಲ್ಲ ಕಂಪ್ಯೂಟರುಗಳಲ್ಲೂ ಇರುತ್ತದೆ. ಅದಕ್ಕೊಂದು ಬೀಜಸಂಖ್ಯೆ, ಅಂದರೆ ಸೀಡ್, ಕೊಟ್ಟರೆ ಕೋಟಿಗಟ್ಟಲೆ ಅಂಕಿಗಳನ್ನು ಸುರಿಯುತ್ತದೆ. ನಾಳೆ ಅದೇ ಬೀಜ ಕೊಟ್ಟರೆ, ಇನ್ನೊಂದು ಊರಿನ ಇನ್ನೊಂದು ಕಂಪ್ಯೂಟರಿನಲ್ಲೂ ಅದೇ ಅಂಕಿಗಳು ಅದೇ ಕ್ರಮದಲ್ಲಿ ಬರುತ್ತವೆ. ಫೈಲ್ ಎಂಬುದೂ ಕೊನೆಗೆ ಅಂಕಿಗಳ ಸಾಲೇ ತಾನೆ? ಹಾಗಿದ್ದರೆ ನಮ್ಮ ಸಿನಿಮಾದ ಅಂಕಿಗಳನ್ನೇ ಸುರಿಸುವ ಬೀಜ ಯಾವುದೆಂದು ಒಮ್ಮೆ ಹುಡುಕಿಟ್ಟುಕೊಂಡರೆ ಮುಗಿಯಿತಲ್ಲ? ಎರಡು ಜಿಬಿ ಫೈಲಿನ ಬದಲು ಹತ್ತಂಕಿಯ ಒಂದು ಸಂಖ್ಯೆ ಕಳಿಸಿದರೆ ಸಾಕಲ್ಲ? ಇದು ದಡ್ಡರ ಪ್ರಶ್ನೆಯಲ್ಲ. ಇಂಥ ಆಲೋಚನೆಯ ಬೆನ್ನು ಹತ್ತಿ ವರ್ಷಗಟ್ಟಲೆ ದುಡಿದವರಿದ್ದಾರೆ, ಅವರ ಮೇಲೆ ಹಣ ಹೂಡಲು ಮುಂದಾದವರೂ ಇದ್ದಾರೆ. ನಮ್ಮ ಕೈಯಲ್ಲಿ ಈಗಾಗಲೇ ಇರುವ ಫೈಲಿಗೆ ತಕ್ಕ ಬೀಜ ಹುಡುಕುವುದು ಲೆಕ್ಕದ ಮಟ್ಟದಲ್ಲೇ ನಷ್ಟದ ಬಾಬತ್ತು ಎಂಬುದು ನನ್ನ ವಾದ. ಆದರೆ ಬೀಜ ಕೊಟ್ಟದ್ದನ್ನು ಒಪ್ಪಿಕೊಳ್ಳಲು ನಾವು ತಯಾರಿದ್ದರೆ ಅದೇ ಉಪಾಯ ಬಹಳ ಒಳ್ಳೆಯದು, ಮತ್ತು ಅದು ಈಗಾಗಲೇ ನಮ್ಮ ಫೋನುಗಳಲ್ಲಿ ಕೆಲಸ ಮಾಡುತ್ತಿದೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿದರೆ ಡೇಟಾ ಕಂಪ್ರೆಷನ್ ಎಂಬ ವಿದ್ಯೆಯ ತಿರುಳೇ ತಿಳಿದಂತೆ.

ಮೊದಲು ಆ ಪ್ರೋಗ್ರಾಂ ಏನು ಮಾಡುತ್ತದೆಂದು ನೋಡೋಣ. ಅದು ನಿಜವಾಗಿ ಕವಡೆ ಎಸೆಯುವುದಿಲ್ಲ, ಬರೀ ಗುಣಾಕಾರ ಭಾಗಾಕಾರ ಮಾಡುತ್ತದೆ. ಅಮೆರಿಕದ ಗಣಿತಜ್ಞ ಡಿ. ಎಚ್. ಲೆಹ್ಮರ್ 1949ರಲ್ಲಿ ಮುಂದಿಟ್ಟ ವಿಧಾನದ ಜಾತಿಗೆ ಸೇರಿದ ಒಂದು ಪುಟಾಣಿ ಯಂತ್ರವನ್ನು ಕಾಗದದ ಮೇಲೆಯೇ ಓಡಿಸಬಹುದು. ಕೈಯಲ್ಲಿರುವ ಸಂಖ್ಯೆಯನ್ನು 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿ, ಉಳಿದ ಶೇಷವನ್ನು ಬರೆದುಕೊಳ್ಳಿ. 1ರಿಂದ ಹೊರಟರೆ 8, 11, 10, 5, 12, 15, 14, 9 ಹೀಗೆ ಸಾಗಿ, ಹದಿನಾರನೇ ಹೆಜ್ಜೆಗೆ ಮತ್ತೆ 1ಕ್ಕೇ ಬಂದು ನಿಲ್ಲುತ್ತದೆ. ನೋಡಲು ಅಡ್ಡಾದಿಡ್ಡಿ, ಒಳಗೆ ಕಟ್ಟುನಿಟ್ಟು. ಇಲ್ಲಿ ಬೀಜವೆಂದರೆ 0ಯಿಂದ 15ರೊಳಗಿನ ಒಂದು ಸಂಖ್ಯೆ, ಅಂದರೆ 4 ಬಿಟ್. ಈಗ ಇದರಿಂದ ಆರು ಸಂಖ್ಯೆಗಳ ಸಾಲುಗಳನ್ನು ಪಡೆಯುತ್ತೇವೆ ಎನ್ನಿ. ಅಂಥ ಸಾಲಿಗೆ 24 ಬಿಟ್ ಬೇಕು, ಅಷ್ಟು ಉದ್ದದಲ್ಲಿ 1,67,77,216 ಬಗೆಯ ಸಾಲುಗಳು ಸಾಧ್ಯ. ನಮ್ಮ ಯಂತ್ರ ಎಷ್ಟು ಬಗೆ ಕೊಡಬಲ್ಲದು? ಹದಿನಾರು, ಅಷ್ಟೇ. ಬೀಜಗಳೇ ಹದಿನಾರು ಇರುವಾಗ ಹದಿನೇಳನೆಯ ಸಾಲು ಎಲ್ಲಿಂದ ಬರಬೇಕು? ಬೀಜ ಚಿಕ್ಕದಾದಷ್ಟೂ ಅದು ಮುಟ್ಟಬಲ್ಲ ಫೈಲುಗಳು ಕಡಿಮೆ. ಇವತ್ತಿನ ದೊಡ್ಡ ಯಂತ್ರಗಳಿಗೂ ಈ ಮಾತಿನಿಂದ ಬಿಡುಗಡೆಯಿಲ್ಲ. ಜಪಾನಿನ ಮಾತ್ಸುಮೊಟೊ ಮತ್ತು ನಿಶಿಮುರ 1998ರಲ್ಲಿ ಪ್ರಕಟಿಸಿದ ಮರ್ಸೆನ್ ಟ್ವಿಸ್ಟರ್ ತನ್ನ ಹೊಟ್ಟೆಯಲ್ಲಿ 19,937 ಬಿಟ್ ಇಟ್ಟುಕೊಂಡಿರುತ್ತದೆ, ಅಂದರೆ ಸುಮಾರು ಎರಡೂವರೆ ಕಿಲೋಬೈಟ್. ಅದರಿಂದ ಹೊರಡುವ ಸಾಲು ಮರುಕಳಿಸಲು ಊಹೆಗೂ ಮೀರಿದ ಕಾಲ ಬೇಕು, ನಿಜ. ಆದರೆ ಸಾಲು ಎಷ್ಟು ಉದ್ದ ಸಾಗುತ್ತದೆ ಎಂಬುದು ಬೇರೆ, ಎಷ್ಟು ಬೇರೆ ಬೇರೆ ಸಾಲುಗಳನ್ನು ಅದು ಶುರುಮಾಡಬಲ್ಲದು ಎಂಬುದು ಬೇರೆ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಎರಡನೆಯದು.

ಇದು ರ್ಯಾಂಡಮ್ ಯಂತ್ರದ ದೋಷವೆಂದು ಭಾವಿಸಬಾರದು. ಒಂದು ಬಿಟ್ಟೂ ಕೆಡದಂತೆ ಫೈಲನ್ನು ವಾಪಸು ಕೊಡುತ್ತೇನೆನ್ನುವ ಯಾವ ಕಂಪ್ರೆಷನ್ ವಿಧಾನವೂ ಇದೇ ಗೋಡೆಗೆ ಬಂದು ನಿಲ್ಲಬೇಕು. ಹತ್ತು ಮಂದಿಗೆ ಒಂಬತ್ತೇ ಕುರ್ಚಿ ಇದ್ದರೆ ಯಾರೋ ಇಬ್ಬರು ಒಂದೇ ಕುರ್ಚಿಯಲ್ಲಿ ಕೂರಬೇಕು. ಕಂಪ್ರೆಷನ್ನಿನಲ್ಲಿ ಹಾಗೆ ಇಬ್ಬರು ಕೂತರೆ ಬಿಚ್ಚುವಾಗ ಯಾರನ್ನು ಎಬ್ಬಿಸಬೇಕೆಂದು ತಿಳಿಯುವುದಿಲ್ಲ. ಲೆಕ್ಕ ಸರಳ. ಒಂದು ನಿರ್ದಿಷ್ಟ ಉದ್ದದ ಎಲ್ಲ ಫೈಲುಗಳನ್ನು ಎದುರಿಗಿಟ್ಟರೆ, ಅವುಗಳಲ್ಲಿ ಕನಿಷ್ಠ ಒಂದು ಬೈಟ್ ಕುಗ್ಗಬಲ್ಲವು 128ರಲ್ಲಿ ಒಂದಕ್ಕಿಂತ ಕಡಿಮೆ. ಹತ್ತು ಬೈಟ್ ಕುಗ್ಗಬೇಕೆಂದರೆ 6ರ ಮುಂದೆ 23 ಸೊನ್ನೆ ಇಟ್ಟಷ್ಟು ಫೈಲುಗಳಲ್ಲಿ ಒಂದಕ್ಕೆ ಆ ಭಾಗ್ಯ. ವಿಧಾನ ಯಾವುದೇ ಇರಲಿ, ಪ್ರೋಗ್ರಾಂ ಬರೆದವರು ಎಂಥ ಜಾಣರೇ ಆಗಿರಲಿ, ಈ ಪ್ರಮಾಣ ಬದಲಾಗದು. ಹಾಗಾದರೆ ಜಿಪ್ ಮಾಡಿದಾಗ ಫೈಲ್ ಕುಗ್ಗುವುದು ಹೇಗೆ? ನಾವು ದಿನನಿತ್ಯ ಬಳಸುವ ಫೈಲುಗಳು ಆ ಅಪಾರ ರಾಶಿಯಲ್ಲಿ ತೀರ ವಿರಳವಾದ, ಮಾದರಿಗಳಿಂದ ತುಂಬಿದ ಫೈಲುಗಳು. 1948ರಲ್ಲಿ ಕ್ಲಾಡ್ ಶಾನನ್ ಮಾಹಿತಿ ಸಿದ್ಧಾಂತದ ಬುನಾದಿ ಹಾಕಿದಾಗ ತೋರಿಸಿದ್ದೇ ಇದನ್ನು: ಮುಂದಿನ ಅಕ್ಷರ ಯಾವುದೆಂದು ಎಷ್ಟರಮಟ್ಟಿಗೆ ಊಹಿಸಬಹುದೋ ಅಷ್ಟರಮಟ್ಟಿಗೆ ಮಾತ್ರ ಸಂದೇಶವನ್ನು ಕುಗ್ಗಿಸಬಹುದು. ಊಹೆಗೆ ಸಿಗದ ಭಾಗವನ್ನು ಹೊತ್ತು ಸಾಗಿಸದೆ ಬೇರೆ ದಾರಿಯಿಲ್ಲ.

ನಮ್ಮ ನುಡಿಯ ಹೆಸರನ್ನೇ ಪರೀಕ್ಷೆಗೆ ಒಡ್ಡೋಣ. ಕಂಪ್ಯೂಟರಿನಲ್ಲಿ ‘ಕನ್ನಡ’ ಎಂದು ಬರೆದರೆ ಯೂನಿಕೋಡಿನ ಐದು ಸಂಕೇತಗಳಾಗುತ್ತವೆ: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ. ಇಂಟರ್‌ನೆಟ್ಟಿನಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15 ಬೈಟ್, ಅಂದರೆ 120 ಬಿಟ್. ಒಳ್ಳೆಯ ರ್ಯಾಂಡಮ್ ಯಂತ್ರವೊಂದರಿಂದ ಬರೀ ‘ಕ’ ಒಂದನ್ನೇ ಸುರಿಸುವ ಬೀಜ ಬೇಕೆಂದರೆ ಸರಾಸರಿ 1.67 ಕೋಟಿ ಬೀಜಗಳನ್ನು ನೋಡಬೇಕು. ಕಂಪ್ಯೂಟರಿಗೆ ಅದು ಕ್ಷಣದ ಕೆಲಸ. ಆದರೆ ಸಿಕ್ಕ ಬೀಜವೂ ಸಾಮಾನ್ಯವಾಗಿ ಕೋಟಿಯ ಆಸುಪಾಸಿನ ಸಂಖ್ಯೆಯೇ ಆಗಿರುತ್ತದೆ. ಅದನ್ನು ಬರೆದಿಡಲು ಬೇಕಾದದ್ದು ಅದೇ 24 ಬಿಟ್. ಪೂರ್ತಿ ಪದಕ್ಕೆ ಬೀಜ ಹುಡುಕಲು ಹೊರಟರೆ, ಸೆಕೆಂಡಿಗೆ ನೂರು ಕೋಟಿ ಬೀಜ ನೋಡುವ ಯಂತ್ರಕ್ಕೂ ವಿಶ್ವದ ಈವರೆಗಿನ ಆಯುಸ್ಸಿನ ಸುಮಾರು ಮುನ್ನೂರು ಕೋಟಿ ಪಟ್ಟು ಕಾಲ ಬೇಕು. ಇಷ್ಟು ಕಾದ ಮೇಲೆ ಕೈಗೆ ಬರುವ ಸಂಖ್ಯೆಯ ಉದ್ದ ಸುಮಾರು 120 ಬಿಟ್. ಉಳಿತಾಯ ಸೊನ್ನೆ. ಈಗ ರ್ಯಾಂಡಮ್ ಯಂತ್ರವನ್ನು ಬದಿಗಿಟ್ಟು ಆ ಹದಿನೈದು ಬೈಟುಗಳನ್ನೇ ಕಣ್ಣರಳಿಸಿ ನೋಡಿ. ಕನ್ನಡದ ಯಾವ ಅಕ್ಷರವಾದರೂ ಮೊದಲನೆಯ ಬೈಟ್ ಸದಾ ಒಂದೇ. ಎರಡನೆಯದಕ್ಕೆ ಇರುವುದು ಎರಡೇ ಆಯ್ಕೆ. ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟಿರುವುದು 128 ಸ್ಥಾನ, ಅಂದರೆ ಅಕ್ಷರಕ್ಕೆ 7 ಬಿಟ್ ಧಾರಾಳ. ಬರುವುದೆಲ್ಲ ಕನ್ನಡವೇ ಎಂಬ ಒಂದು ತಿಳಿವಳಿಕೆಯ ಬಲದಿಂದ 120 ಬಿಟ್ 35ಕ್ಕೆ ಇಳಿಯಿತು. ಯಾವ ಅಕ್ಷರ ಹೆಚ್ಚು ಬರುತ್ತದೆ, ಯಾವುದರ ಬೆನ್ನಿಗೆ ಯಾವುದು ಬರುತ್ತದೆ ಎಂಬುದನ್ನೂ ಗಮನಿಸಿದರೆ ಇನ್ನಷ್ಟು ಇಳಿದೀತು. ಕಂಪ್ರೆಷನ್ ಹುಟ್ಟುವುದು ವಿಷಯದ ಬಗೆಗಿನ ತಿಳಿವಿನಿಂದ. ರ್ಯಾಂಡಮ್ ಯಂತ್ರಕ್ಕೆ ಕನ್ನಡವೂ ಒಂದೇ, ಕಸವೂ ಒಂದೇ.

ಇಷ್ಟು ಹೇಳಿದ ಮೇಲೂ ಆಕ್ಷೇಪಗಳು ಏಳುತ್ತವೆ, ಏಳಬೇಕು ಕೂಡ. ಒಂದೇ ಯಂತ್ರ ಏಕೆ, ಸಾವಿರ ಬಗೆಯ ಯಂತ್ರಗಳನ್ನು ಬಳಸೋಣ ಎನ್ನುವವರಿದ್ದಾರೆ. ಬಳಸಬಹುದು, ಆದರೆ ಯಾವ ಯಂತ್ರ ಎಂಬುದನ್ನೂ ಬರೆದಿಡಬೇಕು; ಸಾವಿರದಲ್ಲಿ ಒಂದನ್ನು ಹೆಸರಿಸಲು 10 ಬಿಟ್ ಖರ್ಚು, ಅದರಿಂದ ಆಗುವ ಲಾಭವೂ ಹೆಚ್ಚೆಂದರೆ ಅಷ್ಟೇ. ಫೈಲನ್ನು ತುಂಡು ಮಾಡಿ, ಅದೃಷ್ಟವಶಾತ್ ಚಿಕ್ಕ ಬೀಜ ಸಿಕ್ಕ ತುಂಡುಗಳನ್ನು ಮಾತ್ರ ಬದಲಿಸೋಣ ಎಂಬುದು ಇದಕ್ಕಿಂತ ಜಾಣ ಆಕ್ಷೇಪ. ಅದನ್ನೂ ಲೆಕ್ಕ ಹಾಕಿ ನೋಡೋಣ. 8 ಬಿಟ್ ಉಳಿಸುವ ಬೀಜ ಸಿಗುವುದು ಸುಮಾರು 256 ತುಂಡಿಗೆ ಒಂದರಂತೆ. ಹಾಗಾಗಿ ತುಂಡಿಗೆ ಸರಾಸರಿ ಉಳಿತಾಯ 0.031 ಬಿಟ್. ಆದರೆ ಈ ತುಂಡು ಬದಲಾಗಿದೆಯೋ ಇಲ್ಲವೋ ಎಂಬ ಗುರುತನ್ನೂ ಜೊತೆಗೆ ಕಳಿಸಬೇಕಲ್ಲ? ಆ ಗುರುತನ್ನು ಎಷ್ಟೇ ಬಿಗಿಯಾಗಿ ಬರೆದರೂ ತುಂಡಿಗೆ ಸರಾಸರಿ 0.037 ಬಿಟ್ ತಗಲುತ್ತದೆ. ಪ್ರತಿ ತುಂಡಿನಲ್ಲೂ ಕೂದಲೆಳೆಯಷ್ಟು ನಷ್ಟ. 8ರ ಬದಲು 16 ಬಿಟ್ ಉಳಿಸಲು ಹೋದರೂ ನಷ್ಟ ಕಿರಿದಾದೀತೇ ಹೊರತು ಲಾಭಕ್ಕೆ ತಿರುಗದು. ಮುಂದೆ ಕ್ವಾಂಟಮ್ ಕಂಪ್ಯೂಟರ್ ಬಂದರೆ ಹುಡುಕಾಟ ಸುಲಭವಾದೀತು ಎನ್ನುವವರಿಗೂ ಇದೇ ಉತ್ತರ. ತೊಡಕಿರುವುದು ಹುಡುಕುವ ವೇಗದಲ್ಲಲ್ಲ, ಹುಡುಕಿ ತಂದ ಸಂಖ್ಯೆಯ ಉದ್ದದಲ್ಲಿ.

ಈ ಲೆಕ್ಕವನ್ನು ನಂಬದವರಿಗಾಗಿ ಬಹಿರಂಗ ಪಂದ್ಯಗಳೂ ನಡೆದಿವೆ. ಅಮೆರಿಕದ ರ್ಯಾಂಡ್ ಕಾರ್ಪೊರೇಷನ್ 1955ರಲ್ಲಿ ಹತ್ತು ಲಕ್ಷ ರ್ಯಾಂಡಮ್ ಅಂಕಿಗಳ ದೊಡ್ಡ ಪುಸ್ತಕವನ್ನೇ ಅಚ್ಚು ಹಾಕಿತ್ತು. ಕಂಪ್ರೆಷನ್ ಬಗ್ಗೆ ಪುಸ್ತಕ ಬರೆದಿರುವ ಮಾರ್ಕ್ ನೆಲ್ಸನ್ ಆ ಅಂಕಿಗಳನ್ನು 4,15,241 ಬೈಟುಗಳ ಫೈಲಾಗಿಸಿ, ಇದನ್ನು ಕುಗ್ಗಿಸಿ ತೋರಿಸಿದವರಿಗೆ ನೂರು ಡಾಲರ್ ಎಂದು 2002ರಲ್ಲಿ ಸವಾಲು ಹಾಕಿದರು. ಷರತ್ತು ಒಂದೇ: ಕುಗ್ಗಿದ ಫೈಲು ಮತ್ತು ಅದನ್ನು ಬಿಚ್ಚುವ ಪ್ರೋಗ್ರಾಂ ಎರಡೂ ಸೇರಿ ಮೂಲಕ್ಕಿಂತ ಚಿಕ್ಕದಿರಬೇಕು. ಆ ಷರತ್ತಿಲ್ಲದಿದ್ದರೆ ಇಡೀ ಫೈಲನ್ನು ಪ್ರೋಗ್ರಾಮಿನೊಳಗೇ ಬಚ್ಚಿಟ್ಟು, ನನ್ನ ಬೀಜ ಬರೀ 1 ಎಂದು ಯಾರು ಬೇಕಾದರೂ ಹೇಳಿಯಾರು. ಇದಕ್ಕೂ ಮುಂಚೆ, 2001ರಲ್ಲಿ, ಐದು ಸಾವಿರ ಡಾಲರಿನ ಇಂಥದೇ ಪಂದ್ಯವೊಂದರಲ್ಲಿ ಸ್ಪರ್ಧಿಯೊಬ್ಬ ಸೊಗಸಾದ ಕೈಚಳಕ ತೋರಿಸಿದ. ಫೈಲಿನಲ್ಲಿ 5 ಎಂಬ ಚಿಹ್ನೆ ಬಂದ ಕೆಲವು ಕಡೆಗಳಲ್ಲಿ ಅದನ್ನು ಅಳಿಸಿ, ಅಲ್ಲಿಂದ ಮುಂದಿನದನ್ನು ಬೇರೆ ಫೈಲ್ ಮಾಡಿದ. ಹೀಗೆ ಇನ್ನೂರಕ್ಕೂ ಹೆಚ್ಚು ಫೈಲುಗಳಾದವು. ಬಿಚ್ಚುವ ಪ್ರೋಗ್ರಾಂ ಫೈಲುಗಳನ್ನು ಸಾಲಾಗಿ ಜೋಡಿಸಿ, ನಡುನಡುವೆ 5 ಸೇರಿಸಿದರೆ ಮೂಲ ತಯಾರು. ಬೈಟುಗಳ ಮೊತ್ತ ಕಡಿಮೆಯಾದದ್ದು ನಿಜ. ಆದರೆ ಅಳಿಸಿದ ಮಾಹಿತಿ ಹೋದದ್ದೆಲ್ಲಿಗೆ? ಪ್ರತಿ ಫೈಲು ಎಲ್ಲಿ ಮುಗಿಯುತ್ತದೆಂಬ ಲೆಕ್ಕವನ್ನು ಡಿಸ್ಕ್ ಬೇರೆ ಕಡೆ ಬರೆದಿಟ್ಟುಕೊಳ್ಳುತ್ತದೆ. ಮಾಹಿತಿ ಅಲ್ಲಿಗೆ ಜಾರಿಕೊಂಡಿತ್ತು. ಪಂದ್ಯ ಹೂಡಿದವರು ಹಣ ಕೊಡಲಿಲ್ಲ, ಜಗಳ ಬಹಳ ದಿನ ನಡೆಯಿತು. ಅಸಾಧ್ಯ ಕಂಪ್ರೆಷನ್ನಿನ ಪ್ರದರ್ಶನ ಕಂಡಾಗಲೆಲ್ಲ ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಾಣೆಯಾದ ಬಿಟ್ಟುಗಳು ಎಲ್ಲಿ ಅಡಗಿ ಕೂತಿವೆ?

ಇದೇ ಪ್ರಶ್ನೆಯನ್ನು ನೆದರ್‌ಲ್ಯಾಂಡ್ಸಿನ ಯಾನ್ ಸ್ಲೋಟ್ ಪ್ರಕರಣಕ್ಕೆ ಹಾಕಿ ನೋಡಬೇಕು. ಇಡೀ ಸಿನಿಮಾವೊಂದನ್ನು 8 ಕಿಲೋಬೈಟಿನ ಕೀಲಿಯಾಗಿ ಮಾಡಬಲ್ಲೆ ಎಂದು 1990ರ ದಶಕದಲ್ಲಿ ಹೇಳಿಕೊಂಡ ಈ ಎಲೆಕ್ಟ್ರಾನಿಕ್ಸ್ ತಂತ್ರಜ್ಞನ ಮಾತನ್ನು ಫಿಲಿಪ್ಸ್ ಕಂಪನಿಯ ಉನ್ನತ ಹುದ್ದೆಯಲ್ಲಿದ್ದ ರೂಲ್ ಪೀಪರ್ ಅಂಥವರೂ ನಂಬಿದ್ದರು. 1999ರ ಜುಲೈನಲ್ಲಿ, ಒಪ್ಪಂದ ಪೂರ್ತಿಯಾಗುವ ಹೊತ್ತಿಗೆ, ಸ್ಲೋಟ್ ಹಠಾತ್ತನೆ ತೀರಿಕೊಂಡರು. ಗುಟ್ಟು ಅವರೊಂದಿಗೇ ಹೋಯಿತು ಎಂದು ಕೊರಗುವವರು ಈಗಲೂ ಇದ್ದಾರೆ. ರ್ಯಾಂಡಮ್ ಯಂತ್ರದ ಹೆಸರು ಅಲ್ಲಿ ಇಲ್ಲದಿದ್ದರೂ ಚಿಕ್ಕ ಕೀಲಿ, ದೊಡ್ಡ ಸಿನಿಮಾ ಎಂಬ ಆಸೆ ಅದೇ. 8 ಕಿಲೋಬೈಟ್ ಎಂದರೆ 65,536 ಬಿಟ್. ಎರಡು ಗಂಟೆಯ ಸಿನಿಮಾದಲ್ಲಿ ಸೆಕೆಂಡಿಗೆ 24ರಂತೆ 1,72,800 ಚಿತ್ರಗಳಿರುತ್ತವೆ. ಒಂದು ಚಿತ್ರಕ್ಕೆ ಅರ್ಧ ಬಿಟ್ ಕೂಡ ಬೀಳುವುದಿಲ್ಲ. ಬಿಚ್ಚುವ ಯಂತ್ರದಲ್ಲೇ ಸಿನಿಮಾಗಳನ್ನೆಲ್ಲ ತುಂಬಿಟ್ಟಿದ್ದರೆ ಮಾತು ಬೇರೆ. ಆಗ ಯಾವ ಸಿನಿಮಾ ಎಂದು ಹೇಳಲು 8 ಕಿಲೋಬೈಟೂ ಬೇಡ, ನಾಲ್ಕೇ ಬೈಟ್ ಸಾಕು. ಆದರೆ ಅದನ್ನು ಕಂಪ್ರೆಷನ್ ಎನ್ನುವುದಿಲ್ಲ, ಲೈಬ್ರರಿಯ ಕ್ರಮಸಂಖ್ಯೆ ಎನ್ನುತ್ತಾರೆ.

ಎದುರು ಪಕ್ಷದ ಒಂದು ಮಾತನ್ನು ಮಾತ್ರ ಒಪ್ಪಲೇಬೇಕು. ನೋಡಲು ಪೂರ್ತಿ ರ್ಯಾಂಡಮ್ ಎನಿಸುವ ಸಾಲಿನ ಹಿಂದೆಯೂ ಪುಟ್ಟ ನಿಯಮ ಇರಬಹುದು. ಪೈ ಸಂಖ್ಯೆಯ ಹತ್ತು ಲಕ್ಷ ಅಂಕಿಗಳನ್ನು ಜಿಪ್ ಪ್ರೋಗ್ರಾಮಿಗೆ ಕೊಟ್ಟರೆ ಅದಕ್ಕೆ ಅದರಲ್ಲಿ ಯಾವ ಮಾದರಿಯೂ ಕಾಣದು. ಆದರೆ ಪೈ ಲೆಕ್ಕ ಹಾಕುವ ಪ್ರೋಗ್ರಾಮನ್ನು ಅರ್ಧ ಪುಟದಲ್ಲಿ ಬರೆಯಬಹುದು. ಮರ್ಸೆನ್ ಟ್ವಿಸ್ಟರ್ ಸುರಿಸಿದ ಒಂದು ಜಿಬಿ ಫೈಲೂ ಹಾಗೆಯೇ. ಅದರ ಬರೀ 624 ಸಂಖ್ಯೆಗಳನ್ನು ಸಾಲಾಗಿ ನೋಡಿದರೆ ಯಂತ್ರದ ಒಳಸ್ಥಿತಿಯನ್ನು ಲೆಕ್ಕ ಹಾಕಿ, ಮುಂದಿನದನ್ನೆಲ್ಲ ಹೇಳಬಹುದು. ಅಲ್ಲಿ ಬೀಜವೇ ನಿಜವಾದ ಫೈಲ್. 1960ರ ದಶಕದಲ್ಲಿ ರಷ್ಯಾದ ಕೊಲ್ಮೊಗೊರೊವ್, ಅಮೆರಿಕದ ಸೊಲೊಮನಾಫ್ ಮತ್ತು ಚೈಟಿನ್ ತಮ್ಮ ತಮ್ಮ ದಾರಿಯಲ್ಲಿ ಈ ವಿಚಾರವನ್ನು ಗಣಿತವಾಗಿ ಕಟ್ಟಿದರು: ಒಂದು ಸಾಲನ್ನು ಹುಟ್ಟಿಸಬಲ್ಲ ಅತಿ ಚಿಕ್ಕ ಪ್ರೋಗ್ರಾಮಿನ ಉದ್ದವೇ ಆ ಸಾಲಿನ ಸಂಕೀರ್ಣತೆಯ ಅಳತೆ. ಆದರೆ ಯಾವ ಸಾಲು ಕೊಟ್ಟರೂ ಆ ಅತಿ ಚಿಕ್ಕ ಪ್ರೋಗ್ರಾಮನ್ನು ಕಂಡುಹಿಡಿದುಕೊಡುವ ಸಾರ್ವತ್ರಿಕ ವಿಧಾನ ಇರಲಾರದು ಎಂಬುದನ್ನೂ ಅದೇ ಗಣಿತ ಸಾಧಿಸಿ ತೋರಿಸುತ್ತದೆ. ಅಲ್ಲದೆ ಮದುವೆಯ ವಿಡಿಯೋ, ಬ್ಯಾಂಕಿನ ಲೆಕ್ಕ, ಎಕ್ಸ್-ರೇ ಚಿತ್ರ ಯಾವುದೂ ಮರ್ಸೆನ್ ಟ್ವಿಸ್ಟರ್‌ನಿಂದ ಹುಟ್ಟಿದ್ದಲ್ಲ. ಬೀಜದಿಂದ ಬಂದದ್ದನ್ನು ಬೀಜಕ್ಕೆ ಮರಳಿಸಬಹುದು. ಬೀಜದಿಂದ ಬಾರದ್ದನ್ನು ಮರಳಿಸುವುದು ಎಲ್ಲಿಗೆ?

ದಿಕ್ಕನ್ನು ತಿರುಗಿಸಿ ನೋಡಿದಾಗ ಈ ಉಪಾಯದ ನಿಜವಾದ ಬೆಲೆ ಕಾಣುತ್ತದೆ. 1984ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಲೀಟ್ ಎಂಬ ಬಾಹ್ಯಾಕಾಶ ಆಟವನ್ನು ತಂದರು. ಅದು ಓಡಬೇಕಾಗಿದ್ದ ಬಿಬಿಸಿ ಮೈಕ್ರೊ ಕಂಪ್ಯೂಟರಿನ ಮೆಮೊರಿ ಒಟ್ಟು 32 ಕಿಲೋಬೈಟ್. ಅಷ್ಟರಲ್ಲಿ 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ನಕ್ಷತ್ರಲೋಕ, ಪ್ರತಿಯೊಂದಕ್ಕೂ ಹೆಸರು, ಆಡಳಿತ, ವ್ಯಾಪಾರದ ವಿವರ. ಇದೆಲ್ಲ ಹೊರಟದ್ದು 16 ಬಿಟ್ಟಿನ ಮೂರು ಬೀಜಸಂಖ್ಯೆಗಳಿಂದ. ಇದು ಸಾಧ್ಯವಾದದ್ದು ಏಕೆ? ಅವರಿಗೆ ಇಂಥದೇ ಲೋಕ ಬೇಕೆಂಬ ಹಟವಿರಲಿಲ್ಲ. ಬೀಜ ಬಿತ್ತಿದರು, ಬಂದ ಲೋಕಗಳನ್ನು ನೋಡಿದರು, ಚೆನ್ನಾಗಿದ್ದದ್ದನ್ನು ಇಟ್ಟುಕೊಂಡರು. ಬಂದದ್ದನ್ನು ಒಪ್ಪಿಕೊಳ್ಳುವವನಿಗೆ ಚಿಕ್ಕ ಬೀಜ ಸಾಕು. ಇಂಥದೇ ಬೇಕು ಎನ್ನುವವನು ಆ ‘ಇಂಥದೇ’ ಎಂಬುದಕ್ಕೆ ಪೂರ್ತಿ ಬೆಲೆ ತೆರಬೇಕು.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ: ಇಂಥದೇ ಬೇಕು, ಆದರೆ ಹೆಚ್ಚುಕಡಿಮೆ ಆದರೂ ಸರಿ. ನಮ್ಮ ಮೊಬೈಲ್ ಮಾತುಕತೆ ನಿಂತಿರುವುದು ಈ ದಾರಿಯ ಮೇಲೆ. ಇದನ್ನು ತೆರೆದವರಲ್ಲಿ ಒಬ್ಬರು ಬಿಷ್ಣು ಅಟಲ್. ಕಾನ್ಪುರದಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತು, ಅಲ್ಲೇ ಕೆಲವು ವರ್ಷ ಕಲಿಸಿ, ಆಮೇಲೆ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದವರು. 1985ರಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಜೊತೆ ಅವರು ಸೆಲ್ಪ್ ಎಂಬ ವಿಧಾನವನ್ನು ಮಂಡಿಸಿದರು. ಅದರಲ್ಲಿ ಕಳಿಸುವವನ ಬಳಿಯೂ ಕೇಳುವವನ ಬಳಿಯೂ 1,024 ರ್ಯಾಂಡಮ್ ಸಾಲುಗಳ ಒಂದೇ ಪಟ್ಟಿ ಇರುತ್ತದೆ, ಒಂದೊಂದು ಸಾಲಿನಲ್ಲಿ 40 ಬಿಂದು. ಐದು ಮಿಲಿಸೆಕೆಂಡಿನ ಮಾತಿಗೆ ಪಟ್ಟಿಯ ಯಾವ ಸಾಲು ಕಿವಿಗೆ ಅತ್ಯಂತ ಹತ್ತಿರ ಬರುತ್ತದೆಂದು ಹುಡುಕಿ, ಅದರ 10 ಬಿಟ್ಟಿನ ಕ್ರಮಸಂಖ್ಯೆಯನ್ನು ಕಳಿಸುವುದು. ಗಂಟಲು, ಬಾಯಿಗಳ ಆಕಾರ ದನಿಯನ್ನು ತಿದ್ದುವ ಬಗೆಯನ್ನು ಬೇರೆಯಾಗಿ ಲೆಕ್ಕ ಹಾಕಿ ಕಳಿಸುವುದರಿಂದ, ಉಳಿದ ಊಹೆಗೆ ಸಿಗದ ಭಾಗಕ್ಕೆ ಮಾತ್ರ ಈ ಪಟ್ಟಿ. ಅಂದಿನ ಕ್ರೇ-1 ಸೂಪರ್ ಕಂಪ್ಯೂಟರಿಗೂ ಒಂದು ಸೆಕೆಂಡಿನ ಮಾತಿಗೆ ಎರಡು ನಿಮಿಷಕ್ಕೂ ಹೆಚ್ಚು ಹಿಡಿದಿತ್ತು. ಮುಂದೆ ಅದೇ ಕುಟುಂಬದ ವಿಧಾನಗಳು ಮೊಬೈಲಿಗೆ ಇಳಿದವು. 2018ರಲ್ಲಿ ಬಂದ ಎವಿ1 ವಿಡಿಯೋ ಪದ್ಧತಿ ಇದೇ ವಿವೇಕವನ್ನು ಚಿತ್ರಕ್ಕೆ ತಂದಿದೆ. ಹಳೆಯ ರೀಲಿನ ಸಿನಿಮಾದಲ್ಲಿ ಕಾಣುವ ಸಣ್ಣ ಸಣ್ಣ ಕಾಳುಗಳು ನಿಜವಾಗಿಯೂ ರ್ಯಾಂಡಮ್, ಕುಗ್ಗಿಸಲು ಬಲು ದುಬಾರಿ. ಎವಿ1ರಲ್ಲಿ ಕಳಿಸುವವರು ಆ ಕಾಳುಗಳನ್ನು ತೆಗೆದು, ಅವುಗಳ ಗಾತ್ರ ಸಾಂದ್ರತೆಗಳ ವಿವರವನ್ನೂ ಫ್ರೇಮಿಗೊಂದು 16 ಬಿಟ್ಟಿನ ಬೀಜವನ್ನೂ ಕಳಿಸಬಹುದು. ನಿಮ್ಮ ಟಿವಿ ಹೊಸ ಕಾಳುಗಳನ್ನು ತಾನೇ ಉದುರಿಸಿಕೊಳ್ಳುತ್ತದೆ. ಮೂಲದ ಕಾಳು ಅದಲ್ಲ, ಆದರೆ ಕಣ್ಣಿಗೆ ಭೇದ ತಿಳಿಯದು. 2024ರಲ್ಲಿ ಆಪಲ್ ಸಂಶೋಧಕರಿದ್ದ ತಂಡವೊಂದು ಸೀಡ್‌ಎಲ್‌ಎಂ ಹೆಸರಿನಲ್ಲಿ ಎಐ ಭಾಷಾ ಮಾದರಿಗಳ ಒಳಗಿನ ಸಂಖ್ಯೆಗಳಿಗೂ ಇದನ್ನು ಅನ್ವಯಿಸಿತು: ಬೀಜಗಳು ಮತ್ತು ಕೆಲವು ಗುಣಕಗಳ ನೆರವಿನಿಂದ ಒಂದೊಂದು ಸಂಖ್ಯೆಯನ್ನು 3–4 ಬಿಟ್ಟಿಗೆ ಇಳಿಸುವ ಪ್ರಯತ್ನ ಅದು. ಅಲ್ಲಿಯೂ ಸಿಗುವುದು ಮೂಲದ ಅಂದಾಜು, ಮೂಲವಲ್ಲ.

ಕೃತಕ ಕಾಳು ಉದುರಿಸುವುದು ನೋಡುಗರಿಗೆ ಮಾಡುವ ಮೋಸವಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಮನರಂಜನೆಯ ಮಟ್ಟಿಗೆ ಅಲ್ಲ ಎಂದೇ ನನ್ನ ಅಭಿಪ್ರಾಯ; ಕಣ್ಣು ಕಿವಿಗಳು ಗುರುತಿಸದ ಭೇದಕ್ಕೆ ಡೇಟಾ ಸುರಿಯುವುದರಲ್ಲಿ ಅರ್ಥವಿಲ್ಲ. ಆದರೆ ನ್ಯಾಯಾಲಯಕ್ಕೆ ಸಾಕ್ಷಿಯಾಗುವ ವಿಡಿಯೋ, ರೋಗ ಪತ್ತೆಯ ಸ್ಕ್ಯಾನ್, ಸಂಗ್ರಹಾಲಯದ ಮೂಲಪ್ರತಿ ಇಂಥ ಕಡೆ ಯಂತ್ರ ತಾನಾಗಿ ಸೇರಿಸಿದ ಒಂದು ಚುಕ್ಕೆಯೂ ಇರಕೂಡದು. ಅಲ್ಲಿ ಹಳೆಯ ಕಟ್ಟುನಿಟ್ಟಿನ ಕಂಪ್ರೆಷನ್ನೇ ಸರಿ, ಅದರ ಬೆಲೆ ತೆರುವುದೇ ಸರಿ.

ಇನ್ನು ಮುಂದೆಯೂ ಯಾರಾದರೂ ಯಾವ ಫೈಲನ್ನಾದರೂ ಪುಟ್ಟ ಸಂಖ್ಯೆಯಾಗಿಸುವ ಸೂತ್ರ ಸಿಕ್ಕಿದೆ ಎಂದು ಬಂದರೆ ಬಯ್ಯಬೇಡಿ, ಪರೀಕ್ಷೆ ಕೊಡಿ. ಆಗಲೇ ಜಿಪ್ ಮಾಡಿ ಪಾಸ್‌ವರ್ಡ್ ಹಾಕಿದ ನಿಮ್ಮದೇ ಹತ್ತು ಫೈಲುಗಳನ್ನು ಅವರ ಕೈಗಿಡಿ. ಕುಗ್ಗಿದ್ದನ್ನೂ ಬಿಚ್ಚುವ ಪ್ರೋಗ್ರಾಮನ್ನೂ ಪೆನ್ ಡ್ರೈವಿನಲ್ಲಿ ಹಾಕಿಸಿಕೊಂಡು, ಇಂಟರ್‌ನೆಟ್ ಇಲ್ಲದ, ಅವರು ಮುಟ್ಟಿಲ್ಲದ ಕಂಪ್ಯೂಟರಿನಲ್ಲಿ ಬಿಚ್ಚಿ ನೋಡಿ. ಪ್ರೋಗ್ರಾಮಿನ ಗಾತ್ರ, ಫೈಲುಗಳ ಹೆಸರು, ಅವುಗಳ ಎಣಿಕೆ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿ, ಒಂದೊಂದು ಬೈಟನ್ನೂ ಮೂಲದೊಂದಿಗೆ ತಾಳೆ ಹಾಕಿ. ಇದಕ್ಕೆ ಒಪ್ಪದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.